ಶೇರ್ ಅಂದರೆ ಹಂಚಿಕೊಳ್ಳುವುದು

ಮಗಳ ಸ್ಕೂಲ್ ಬ್ಯಾಗಿನಿಂದ ಸ್ಟ್ರಾಬೆರಿ ರಬ್ಬರಿನ ಘಮ ಬಂದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಚಿಕ್ಕವಳಿದ್ದಾಗ ರಜೆಗೆಂದು ಭದ್ರಾವತಿಯಿಂದ ವಿನೋಬನಗರದ ಸೋದರತ್ತೆಯ ಮನೆಗೆ ಹೋಗಿದ್ದೆ. ನನ್ನ ಹೊಸ ಸ್ಟ್ರಾಬೆರಿ ರಬ್ಬರಿನ ಮೇಲೆ ಅತ್ತೆಯ ಮಗನ ಕಣ್ಣು ಬಿತ್ತು. ನಾನು ಕೊಡಲಿಲ್ಲ.

"ಶೇರ್ ಮಾಡ್ಬೇಕು ಮಾರಾಯ್ತಿ. ಶೇರ್ ಅಂದ್ರೆ ಇಬ್ರೂ ಹಂಚ್ಕೊಳ್ಳೋದು," ಎನ್ನುತ್ತಾ ಅತ್ತೆ ಎಲೆಯಡಿಕೆ ತಟ್ಟೆಯಲ್ಲಿದ್ದ ಅಡಕತ್ತರಿಯಿಂದ ರಬ್ಬರನ್ನು ಕಚಕ್ಕನೆ ಎರಡು ಹೋಳು ಮಾಡಿದರು. ಸುಣ್ಣ ಮೆತ್ತಿದ ಹೋಳು ನನಗೆ ಬಂತು.

ಸಂಜೆ ಅವನ ಹೊಸ ಸೈಕಲ್ ಹಿಡಿದುಕೊಂಡು, "ಅತ್ತೆ, ಇದನ್ನೂ ಶೇರ್ ಮಾಡೋಣ," ಎಂದೆ.

"ಅದು ಅವನ್ದು ಕಣೇ. ಹೆಣ್ಮಕ್ಳಿಗೆ ಸೈಕಲ್ ಯಾಕೆ?"

ನಾನು ಒಳಗಿನಿಂದ ಅದೇ ಅಡಕತ್ತರಿ ತಂದೆ. ಸೈಕಲ್ಲಿನ ಸೀಟ್ ಕವರನ್ನು ಸರಿಯಾಗಿ ಎರಡು ಹೋಳು ಮಾಡಿ, ಸುಣ್ಣ ಮೆತ್ತಿದ ಹೋಳನ್ನು ಅವನ ಕೈಗಿಟ್ಟೆ.