ಮೈನಸ್ ಮೂವತ್ತು

ಏಜಾಜ ಲ್ಯಾಬಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ. ಮಾಲೀಕ ಸುಲ್ತಾನಸಾಬರು ಬಾಯಿ ಬಿಡುವ ತನಕ ಇವತ್ತು ಅದನ್ನು ತೆಗೆಯುವವನಲ್ಲ.

ಕಂಪ್ಯೂಟರಿನಲ್ಲಿ ಅವನ ತಂಗಿ ಅರ್ಜುಮಂದಳ ರಕ್ತಪರೀಕ್ಷೆಯ ಫೋಟೊ ಇತ್ತು. ಬೆರಳಗಲದ ಪಟ್ಟಿ, ಅದರ ಮೇಲೆ ಹೊಳೆಯುವ ನಾಲ್ಕು ಗೆರೆ. ಮೇಲಿನದು ಎಲ್ಲರಿಗೂ ಬರುವಂಥದ್ದು, ಪಟ್ಟಿಗೆ ಹಾಕಿದ ಔಷಧಿ ಕೆಲಸ ಮಾಡಿದೆ ಎಂಬ ಗುರುತು. ಕೆಳಗಿನ ಮೂರು ಎಚ್‌ಐವಿಯವು. ಶಹಾಪುರದ ತೌಫೀಕನನ್ನು ಮದುವೆಯಾದ ಅರ್ಜುಮಂದ ಈಗ ನಾಲ್ಕು ತಿಂಗಳ ಬಸುರಿ. ಗುಳಿಗೆ ನುಂಗಿದರೆ ಕೂಸಿಗೆ ತಗಲದಂತೆ ನೋಡಿಕೊಳ್ಳಬಹುದು ಎಂದು ಡಾಕ್ಟರಮ್ಮ ಹೇಳಿದ್ದಳು. ಏಜಾಜನ ಕಿವಿಗೆ ಅದು ಹೋಗಿರಲಿಲ್ಲ.

"ಏಳು ತಿಂಗಳ ಹಿಂದ ತೌಫೀಕನ ರಕ್ತ ಸಾಫ್ ಅದ ಅಂತ ಇಲ್ಲೇ ಬರದು ಕೊಟ್ಟೇವಿ. ನಿಮ್ಮ ಸಹಿ ಅದ. ಶಹಾಪುರದವ್ರು ಎಷ್ಟ್ ರೊಕ್ಕ ತಿನ್ನಿಸಿದ್ರು ಸಾಹೇಬ್ರ?"

"ತಲಿ ಕೆಟ್ಟದೇನೋ? ಫೋಟೊ ತಗದಾಂವ ನೀನು. ಆ ಕ್ಯಾಮೆರಾ ಮುಟ್ಟಾಕ ನನಗರ ಬಿಟ್ಟೀಯೇನು?"

ಅದು ಖರೆ. ಕ್ಯಾಮೆರಾ ಆರಿಸಿದವನೂ ಅವನೇ. ಎಂಟನೇ ಇಯತ್ತೆಗೆ ಶಾಲೆ ಬಿಟ್ಟು, ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಫ್ರಿಜ್ ರಿಪೇರಿ ಮಾಡಿಕೊಂಡಿದ್ದು, ಆಮೇಲೆ ಲ್ಯಾಬಿಗೆ ಸೇರಿದವನು. ಸುಲ್ತಾನಸಾಬರು ಅಗ್ಗದ ಕ್ಯಾಮೆರಾ ಕೊಳ್ಳಲು ಹೊರಟಾಗ ಕಂಪನಿಯವನ ಎದುರಿಗೇ ತಡೆದಿದ್ದ. "ಪಟ್ಟಿ ಬೆಳಕು ಮಿಣುಕು ಹುಳಕ್ಕಿಂತ ಸಣ್ಣದು. ಐದ್ ನಿಮಿಷ ಕಣ್ ತೆರದು ಕುಂತರ ಹಿಡೀತದ. ಅಷ್ಟರಾಗ ನಮ್ಮ ಬಿಸಿಲಿಗೆ ಕ್ಯಾಮೆರಾ ಕಾಯ್ತದ, ಇಲ್ಲದ ಬೆಳಕೂ ಕಾಣ್ತದ. ತಣ್ಣಗ ಮಾಡೂದೇ ಬೇಕು." ಟೈ ಕಟ್ಟಿದವನು ಆರ್ಡರ್ ಬರೆದುಕೊಂಡ. ಮೈನಸ್ ಮೂವತ್ತಕ್ಕೆ ಇಳಿಯುವ ಕ್ಯಾಮೆರಾ ಬಂತು.

ಅದರ ನೇಮವೂ ಏಜಾಜನಿಗೆ ಬಾಯಿಪಾಠ. ಚಾಲೂ ಮಾಡಿದಾಗಲೆಲ್ಲ ಮೈನಸ್ ಮೂವತ್ತರ ತನಕ ಕಾಯಬೇಕು. ಆಮೇಲೆ ಪಟ್ಟಿ ಇಡುವ ಡಬ್ಬಿಯನ್ನು ಖಾಲಿಯಾಗಿ ಮುಚ್ಚಿ ಒಂದು ಫೋಟೊ, ಕತ್ತಲೆ ಫೋಟೊ. ಅದರಲ್ಲಿ ಕಾಣುವ ಚುಕ್ಕಿಯೆಲ್ಲ ಕ್ಯಾಮೆರಾದ ಸ್ವಂತ ಸುಳ್ಳು. ಮುಂದಿನ ಪ್ರತಿ ಫೋಟೊದಿಂದ ಕಂಪ್ಯೂಟರ್ ಅದೇ ಜಾಗದ ಅಷ್ಟು ಬೆಳಕನ್ನು ಕಳೆದು ಅಳಿಸಿಬಿಡುತ್ತದೆ. ಈ ನೇಮವನ್ನು ಅವನು ಒಂದು ದಿನವೂ ತಪ್ಪಿಸಿದವನಲ್ಲ.

ತೌಫೀಕ ಬಂದ ದಿನವೂ ತಪ್ಪಿಸಲಿಲ್ಲ.

ತೌಫೀಕನ ಮೊದಲ ಹೆಂಡತಿ ಎರಡೇ ವರ್ಷದಲ್ಲಿ ಸೊರಗಿ ಸತ್ತಿದ್ದಳು. ರಕ್ತ ನೋಡದೆ ತಂಗಿಯನ್ನು ಕೊಡುವುದಿಲ್ಲ ಎಂದು ಏಜಾಜ ಹಟ ಹಿಡಿದಿದ್ದ. ಗೋಗಿ ಊರಿನ ಅಮೋಘಸಿದ್ದ ಎಂಬುವನ ಫೋಟೊ ಆಗಷ್ಟೇ ಮುಗಿದಿತ್ತು, ಪಾಪ, ಅವನಿಗೂ ನಾಲ್ಕು ಗೆರೆ. ಅಷ್ಟರಲ್ಲಿ ಹೊರಗಿನಿಂದ ತೌಫೀಕನ ಕಾಕಾ ಸರದಾರಸಾಬನ ದನಿ ಕೇಳಿತು.

"ಎಂಟನೇ ಇಯತ್ತೆ ದಾಟದಾಂವ ನಮ್ಮ ಹುಡುಗನ ರಕ್ತ ಪರೀಕ್ಷಾ ಮಾಡ್ತಾನಂತ. ನಾಳೆ ಹೊಟ್ಟಿ ಕೊಯ್ತೀನಿ ಅಂತಾನ."

ಏಜಾಜ ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಹೊರಗೆ ನುಗ್ಗಿದ. ಮಾತಿಗೆ ಮಾತು ಬೆಳೆಯಿತು. ಜಗಳದ ನಡುವೆ ಕರೆಂಟ್ ಹೋಯಿತು. ಅರ್ಧ ತಾಸಿಗೆ ಬಂತು. ಕ್ಯಾಮೆರಾ ಮತ್ತೆ ಮೊದಲಿನಿಂದ ತಣ್ಣಗಾಗಬೇಕು. ಅವನು ಹಲ್ಲು ಕಚ್ಚಿ ಅಂಕಿ ನೋಡುತ್ತ ಕುಳಿತ. ಹೊರಗೆ ಕಾಕಾ ಇನ್ನೂ ನಗುತ್ತಿದ್ದ. ಮೈನಸ್ ಮೂವತ್ತು ಬಂತು. ಕತ್ತಲೆ ಫೋಟೊ ಒತ್ತಿದ. ಮುಚ್ಚಳ ತೆಗೆದು, ಅಮೋಘಸಿದ್ದನ ಪಟ್ಟಿಯನ್ನು ಚಿಮಟದಿಂದ ಎತ್ತಿ ಎಸೆದು, ತಟ್ಟೆಯ ಅದೇ ತೋಡಿನಲ್ಲಿ ತೌಫೀಕನದನ್ನು ಕೂರಿಸಿದ.

ತೌಫೀಕ ಬಾಗಿಲಲ್ಲಿ ನಿಂತಿದ್ದ. "ಏನರ ಇದ್ರ ಮುಚ್ಚಿಡಬ್ಯಾಡ ಭಾಯಿ. ಹೇಳಿಬಿಡು. ಇಲಾಜ್ ಸುರು ಮಾಡ್ಕೋತೀನಿ."

ಫೋಟೊ ತೆಗೆದು, ಕೆಳಗಿನ ಮೂರು ಜಾಗದ ಮೇಲೆ ಏಜಾಜ ಕಣ್ಣು ನೆಟ್ಟ. ಅಲ್ಲಿ ಗೆರೆ ಬರಲಿ ಎಂದೇ ಅವನ ಹೊಟ್ಟೆಯ ಉರಿ ಬೇಡುತ್ತಿತ್ತು. ಬರಲಿಲ್ಲ. ಇನ್ನೊಮ್ಮೆ ತೆಗೆದ. ಪಟ್ಟಿ ಕಪ್ಪು, ಕೂದಲೆಳೆಯಷ್ಟೂ ಬೆಳಕಿಲ್ಲ.

"ಆಯ್ತೇನ್ರಿ, ಡಾಕ್ಟರ್ ಸಾಹೇಬ್ರ?" ಎಂದ ಕಾಕಾ. ಏಜಾಜ ಎಲ್ಲರೆದುರು ಅವನ ಕೈ ಹಿಡಿದು ಮಾಫಿ ಕೇಳಿದ. ತೌಫೀಕ ಮಾತ್ರ ಗೋಡೆಗೆ ತಿರುಗಿ ಕಣ್ಣೊರೆಸಿಕೊಂಡ. ಮರು ತಿಂಗಳು ನಿಕಾಹ್ ಆಯಿತು.

ಈಗ ಏಜಾಜ ಆ ಹಳೆಯ ಫೋಟೊ ತೆರೆದ. ತಂಗಿಯದರ ಪಕ್ಕದಲ್ಲಿಟ್ಟು ನೋಡಿದ. ಒಮ್ಮೆಲೆ ಕುರ್ಚಿ ಹಿಂದಕ್ಕೆ ಬಿತ್ತು, ಸುಲ್ತಾನಸಾಬರ ಕಾಲರ್ ಅವನ ಕೈಯಲ್ಲಿತ್ತು.

"ನೋಡ್ರಿ ಇಲ್ಲಿ. ಎಲ್ಲಾರಿಗೂ ಬರೂ ಮ್ಯಾಲಿನ ಗೆರಿನೂ ಇಲ್ಲ. ಆವತ್ತು ನಾ ಕೆಳಗಷ್ಟ ನೋಡಿದ್ದೆ. ಪೂರಾ ಒರಸ್ಯಾರ. ಯಾರು ಒರಸಿದ್ರು? ಹೇಳ್ರಿ."

ಸುಲ್ತಾನಸಾಬರು ಕಾಲರ್ ಬಿಡಿಸಿಕೊಳ್ಳಲಿಲ್ಲ. ಕುತ್ತಿಗೆ ಚಾಚಿ ಫೋಟೊವನ್ನೇ ನೋಡಿದರು. ಮುಖದ ಸಿಟ್ಟು ಇಳಿಯಿತು. ಅದರ ಜಾಗಕ್ಕೆ ಬಂದ ಕನಿಕರ ಏಜಾಜನಿಗೆ ಸೇರಲಿಲ್ಲ.

"ಆವತ್ತು ಕರೆಂಟ್ ಬಂದ ಮ್ಯಾಲ ತಗದ ಕತ್ತಲಿ ಫೋಟೊ ತಗಿ."

"ಅದರಾಗೇನದ? ಖಾಲಿ ಡಬ್ಬಿ."

"ತಗಿಯಪ್ಪಾ."

ಒಂದು ಕೈಯಲ್ಲಿ ಕಾಲರ್ ಹಿಡಿದೇ ಇನ್ನೊಂದು ಕೈಯಿಂದ ಒತ್ತಿದ.

ಖಾಲಿ ಡಬ್ಬಿಯ ಆ ಫೋಟೊದಲ್ಲಿ, ಜಗಳಕ್ಕೆ ಹೋಗುವ ಅವಸರದಲ್ಲಿ ಅವನು ಒಳಗೇ ಬಿಟ್ಟಿದ್ದ ಅಮೋಘಸಿದ್ದನ ನಾಲ್ಕು ಗೆರೆಗಳು ಹೊಳೆಯುತ್ತಿದ್ದವು.