ಹದಿನಾಲ್ಕು ಸಲ

ಕತ್ತಿ ಭೀಮರಾಯ ಮಾಸ್ತರರ ಗಂಟಲ ಹತ್ತಿರ ಬಂದು ನಿಂತಿತು. ಗುರಣ್ಣ ಕೆಮ್ಮಿದ. ಹಿಂದಿನ ಬೆಂಚಿನ ಮೇಲೆ ಪೆನ್ಸಿಲ್ ಸರಕ್ಕೆಂದಿತು. ಕನ್ನಡಿಯಲ್ಲಿ ಕಂಡಳು ಮಗಳು ಪರಿಮಳಾ, ತಲೆ ತಗ್ಗಿಸಿ ಬರೆಯುತ್ತಿದ್ದಳು.

"ನಿನ್ನ ಮಗಳು ಏನ್ ಬರಿಯಾಕತ್ತಾಳೋ?" ನೊರೆಯೊಳಗಿಂದಲೇ ಮಾಸ್ತರರು ಕೇಳಿದರು.

"ಯಾರಿಗ್ಗೊತ್ರಿ. ಸುರಪುರದ ಸಾಲ್ಯಾಗ ಸೂಟಿ ಕ್ಲಾಸ್ ನಡದಾವ. ಡಿಸೈನ್ ಥಿಂಕಿಂಗ್ ಅಂತ. ಒಬ್ಬ ಮನಷಾನ್ನ ಮೂರು ದಿನ ನೋಡಬೇಕಂತ, ಅವನ ತ್ರಾಸ್ ಹುಡುಕಬೇಕಂತ, ಅದಕ್ಕೊಂದು ಸಾಮಾನ ಮಾಡಬೇಕಂತ."

"ನಿನಗೇನಪಾ ತ್ರಾಸ್? ಎದುರಿಗಿ ಎಸಿ ಸಲೂನ್ ಬಂದದ್ದು ಬಿಟ್ರ?" ಮಾಸ್ತರರು ನಕ್ಕರು. ಗುರಣ್ಣ ಕತ್ತಿ ಹಿಂದಕ್ಕೆ ತೆಗೆದ. "ಶುಕ್ರವಾರ ಮರೀಬ್ಯಾಡ ಮತ್ತ," ಅಂದರು ಮಾಸ್ತರರು. "ಮೊಮ್ಮಗನ ಜಾವಳ ನಿನ್ನ ಕೈಲೇ ಆಗಬೇಕು. ಅವರಪ್ಪನ ತಲಿಗೂ ಮೊದಲ ಕತ್ತಿ ನಿಂದೇ."

"ಮರೀತೀನೇನ್ರಿ."

ಮೂರು ದಿನದಿಂದ ಅವನಿಗೆ ಸಂಶಯ. ಹುಡುಗಿ ಮುಖ ನೋಡುವುದಿಲ್ಲ, ಕೈ ನೋಡುತ್ತಾಳೆ. ಹತ್ತಿರ ಹೋದರೆ ನೋಟ್‌ಬುಕ್ಕಿನ ಮೇಲೆ ಅಂಗೈ ಮುಚ್ಚುತ್ತಾಳೆ. ಎದುರು ಸಲೂನಿನ ಫಿರೋಜ್ ನಿನ್ನೆ ಅವಳಿಗೆ ಚಾಕಲೇಟ್ ಯಾಕೆ ಕೊಟ್ಟ? ರಂಗಂಪೇಟೆಯಲ್ಲಿ ಇಷ್ಟು ಮಂದಿ ಇರುವಾಗ ಆ ಕ್ಲಾಸಿನ ಮೇಡಂ ಅಪ್ಪನನ್ನೇ ನೋಡು ಅಂದದ್ದು ಯಾಕೆ? ಪುಕ್ಕಟೆ ಕಲಿಸುತ್ತಾರೆ, ಪುಕ್ಕಟೆ ಉಪ್ಪಿಟ್ಟು ಕೊಡುತ್ತಾರೆ. ಬರೆಸಿಕೊಂಡದ್ದನ್ನು ಎಲ್ಲಿಗೆ ಒಯ್ಯುತ್ತಾರೆ?

ಬಲಗಲ್ಲ ಮುಗಿಯುವ ಹೊತ್ತಿಗೆ ಪರಿಮಳಾ ಥಟ್ಟನೆ ಎದ್ದು ಮನೆಯತ್ತ ಓಡಿದಳು. ನೋಟ್‌ಬುಕ್ ಬೆಂಚಿನ ಮೇಲೇ ಉಳಿಯಿತು. ಗುರಣ್ಣ ಎಡಗಲ್ಲಕ್ಕೆ ಇನ್ನೊಮ್ಮೆ ನೊರೆ ಹಚ್ಚಿದ. "ಸ್ವಲ್ಪ ನೆನೀಲಿ ತಡೀರಿ," ಅಂದ. ಮಾಸ್ತರರು ಕಣ್ಣು ಮುಚ್ಚಿದರು.

ಗುರಣ್ಣ ನೋಟ್‌ಬುಕ್ ತೆರೆದ. ಹಾಳೆ ತುಂಬ ಅವನದೇ ಬಲಗೈ. ಬೆರಳುಗಳ ಸುತ್ತ ನೀರು ಅಲುಗಿದ ಹಾಗೆ ಸಣ್ಣ ಸಣ್ಣ ಗೆರೆ. ಕೆಳಗೆ ದುಂಡಗಿನ ಅಕ್ಷರ: ಸೋಮವಾರ ಒಂಬತ್ತು ಸಲ ಕೈ ನಡುಗಿತು. ಮಂಗಳವಾರ ಹದಿನಾಲ್ಕು ಸಲ. ನಡುಗಿದಾಗ ಕತ್ತಿ ನಿಲ್ಲಿಸಿ ಅಪ್ಪ ಕೆಮ್ಮುತ್ತಾನೆ. ಅಪ್ಪನಿಗೆ ಕೆಮ್ಮು ಇಲ್ಲ.

ಹೆಂಡತಿಗೂ ಹೇಳದ ಮಾತು. ಪುಟ ತಿರುವಿದ: ಶನಿವಾರ ಪ್ರದರ್ಶನ, ಊರವರೆಲ್ಲ ಬರುತ್ತಾರೆ. ಗುರಣ್ಣ ಸದ್ದಾಗದಂತೆ ಎರಡೂ ಹಾಳೆ ಹರಿದು ಕಿಸೆಗೆ ತುರುಕಿದ.

ಅಷ್ಟರಲ್ಲಿ ಏದುಸಿರು ಬಿಡುತ್ತ ಬಂದಳು ಪರಿಮಳಾ. ಕೈಯಲ್ಲಿ ಸೈಕಲ್ ಟ್ಯೂಬಿನ ತುಂಡು. ಒಳಗೆ ಮರಳು ತುಂಬಿ ಎರಡೂ ಬದಿ ಹೊಲಿದಿದ್ದಳು. ಅವನು ಬೈಯಲು ಬಾಯಿ ತೆರೆಯುವ ಮೊದಲೇ ಅದನ್ನು ಅವನ ಮಣಿಕಟ್ಟಿಗೆ ಸುತ್ತಿ ಬಿಗಿದಳು.

"ಏನಿದು?"

"ಭಾರ, ಅಪ್ಪಾ. ಒಮ್ಮಿ ಹಿಡದು ನೋಡು."

ಕಿತ್ತೆಸೆಯಬೇಕೆಂದಿದ್ದ. ಆದರೂ ಕತ್ತಿ ಹಿಡಿದ. ಗಾಳಿಯಲ್ಲಿ ಎತ್ತಿದ. ಅಲಗು ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿತು. ಎರಡು ವರ್ಷದಲ್ಲಿ ಹೀಗೆ ನಿಂತದ್ದಿಲ್ಲ. ಗುರಣ್ಣ ತನ್ನ ಕೈಯನ್ನೇ ಬೇರೆ ಯಾರದೋ ಎಂಬಂತೆ ನೋಡಿದ.

"ನೋಡಿದೇನು, ಈಗ ನಡಗಂಗಿಲ್ಲ," ಪರಿಮಳಾ ಪಿಸುಗುಟ್ಟಿದಳು.

ಎಂಟಡಿ ಅಂಗಡಿ, ಪಿಸುಮಾತೂ ಕೇಳುತ್ತದೆ. ಮಾಸ್ತರರು ಕಣ್ಣು ತೆರೆದರು. ಕನ್ನಡಿಯಲ್ಲಿ ಮೊದಲು ಮಣಿಕಟ್ಟಿನ ಪಟ್ಟಿಯನ್ನು ಕಂಡರು, ಆಮೇಲೆ ಹುಡುಗಿಯನ್ನು, ಆಮೇಲೆ ಕತ್ತಿಯನ್ನು.

"ಏನವ್ವ ನಡಗಂಗಿಲ್ಲ?"

ಪರಿಮಳಾ ತುಟಿ ಕಚ್ಚಿಕೊಂಡಳು. ಗುರಣ್ಣ ಮುಂದೆ ಬಂದ. ಕತ್ತಿ ಕೂದಲೆಳೆಯಷ್ಟೂ ಅಲುಗಲಿಲ್ಲ.

"ತಲಿ ಸ್ವಲ್ಪ ಈ ಕಡಿ ಮಾಡ್ರಿ ಮಾಸ್ತರ. ಎಡಗಲ್ಲ ಉಳದದ."

ಮಾಸ್ತರರು ಕೊರಳಿನ ಟವೆಲ್ಲು ಎಳೆದು ನೊರೆ ಒರೆಸಿಕೊಂಡರು. ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಬೆಳ್ಳಗೆ ಗಡ್ಡದ ಕೂಳೆ.

"ಒಲ್ಲೆ," ಅಂದರು.