ರೊಟ್ಟಿ ಬಡಿಯುವಾಗ ಬಿಚ್ಚಿಟ್ಟ ಪಟ್ಟಿ

ಮೂರನೇ ರೊಟ್ಟಿಯೂ ಹರಿಯಿತು...

ಪರಾತದಲ್ಲಿದ್ದ ಜೋಳದ ಹಿಟ್ಟನ್ನು ನೀಲಾಂಬಿಕಾ ಮತ್ತೆ ಉಂಡೆ ಮಾಡಿದಳು. ಅವ್ವನ ಕೈ ಉಳುಕಿತ್ತು. ಇವತ್ತು ಒಲೆ ಮುಂದೆ ಇವಳೇ ಕೂರಬೇಕಾಗಿತ್ತು.

"ಕಂಪನಿ ನಡಸಾಕಿ... ಒಂದು ರೊಟ್ಟಿ ದುಂಡಗ ಬಡ್ಯಾಕ ಬರವಲ್ದು," ಎಂದು ಅವ್ವ ಬಾಗಿಲಿಗೆ ಒರಗಿ ನಗುತ್ತಿದ್ದಳು.

ಹೌದು, ಇಪ್ಪತ್ತಾರರ ನೀಲಾಂಬಿಕಾ ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಕಂಪನಿ ಕಟ್ಟಿದ್ದಳು. ಕಿವಿ ಕೇಳದ ತಾಯಂದಿರಿಗಾಗಿ ವಾಚಿನಂತೆ ಕೈಗೆ ಕಟ್ಟಿಕೊಳ್ಳುವ ಪಟ್ಟಿ ಮಾಡಿದ್ದಳು.

ಮಗು ಅತ್ತರೆ ಸಾಕು... ಒಳಗಿನ ಪುಟ್ಟ ಮೈಕಿಗೆ ಅದು ಕೇಳಿ, ಪಟ್ಟಿ ಮೊಬೈಲಿನಂತೆ ವೈಬ್ರೇಟ್ ಆಗಿ ತಾಯಿಗೆ ತಿಳಿಸಬೇಕು.

ಆಫೀಸಿನಲ್ಲಿ ನೂರು ಸಲ ಟೆಸ್ಟ್ ಮಾಡಿದಾಗ ನೂರು ಸಲವೂ ಸರಿಯಾಗಿತ್ತು. ಗದಗಿನ ಹನ್ನೆರಡು ತಾಯಂದಿರಿಗೆ ಕೊಟ್ಟ ಮೇಲೆ ಮಾತ್ರ... ಪಟ್ಟಿಗಳು ಒಂದೊಂದಾಗಿ ವಾಪಸ್ ಬಂದವು.

ದಾಕ್ಷಾಯಣಿ ಎಂಬ ತಾಯಿಯ ಪಟ್ಟಿಯ ಜೊತೆ ಒಂದು ಕಾಗದವೂ ಇತ್ತು.

"ಮಗು ಜೋಲಿಯಲ್ಲಿ ಅತ್ತು ಅತ್ತು ಸುಸ್ತಾಗಿತ್ತು. ನಾನು ಒಲೆ ಮುಂದೆ ಇದ್ದೆ. ಪಟ್ಟಿ ಬಿಚ್ಚಿ ಗೂಡಿನಲ್ಲಿ ಇಟ್ಟಿದ್ದೆ. ತಪ್ಪು ನನ್ನದೇ. ಮನೆಯವರೆಲ್ಲ ಹಾಗೇ ಅಂದರು. ಕ್ಷಮಿಸಿ."

ನೀಲಾಂಬಿಕಾ ತನ್ನ ರಿಪೋರ್ಟಿನಲ್ಲಿ 'ಬಳಸಿದವರ ತಪ್ಪು' ಎಂದೇ ಬರೆದಳು.

ಆದರೂ ಉತ್ತರ ಬರೆಯಲು ಕೂತಳು. 'ಪ್ರೀತಿಯ ಅಕ್ಕಾ' ಎಂದು ಬರೆದವಳಿಗೆ ಮುಂದೆ ಏನೂ ಹೊಳೆಯಲಿಲ್ಲ. ಆ ಕಾಗದ ಪರ್ಸಿನಲ್ಲೇ ಉಳಿಯಿತು... ಎಂಟು ತಿಂಗಳು.

ಕಂಪನಿಯ ಜೊತೆಗಾರ ಇಮ್ತಿಯಾಜ್ ಬೇರೆ ಕೆಲಸ ಹುಡುಕತೊಡಗಿದ್ದ. ಆ ತಾಯಂದಿರನ್ನು ಪರಿಚಯಿಸಿದ್ದ ಗದಗಿನ ಕಿವುಡ ಮಕ್ಕಳ ಶಾಲೆಯ ಹೆಡ್ ಮೇಡಂ, ಇನ್ನೊಂದೇ ಸಲ ನೋಡುತ್ತೇವೆ, ಆಮೇಲೆ ನಮ್ಮನ್ನು ಕೇಳಬೇಡಿ ಎಂದಿದ್ದರು.

ಈಗ ನೀಲಾಂಬಿಕಾ ನಾಲ್ಕನೇ ರೊಟ್ಟಿಗೆ ಕೈ ಎತ್ತಿದಳು. ಟಪ್... ಟಪ್... ಟಪ್...

ಕೈಯಲ್ಲಿದ್ದ ಸ್ಯಾಂಪಲ್ ಪಟ್ಟಿ ಗುರ್‍ರ್ ಎಂದಿತು. ಮತ್ತೆ ಬಡಿದಳು, ಮತ್ತೆ ಗುರ್‍ರ್... ರೊಟ್ಟಿ ಬಡಿಯುವ ಸದ್ದನ್ನೇ ಅದು ಮಗುವಿನ ಅಳು ಎಂದುಕೊಳ್ಳುತ್ತಿತ್ತು. ಸಂದಿಗೊಂದಿಗೆಲ್ಲ ಹಿಟ್ಟು ಬೇರೆ ಮೆತ್ತಿತ್ತು.

ಬೇಸರವಾಗಿ ಬಿಚ್ಚಿ, ಒಲೆ ಪಕ್ಕದ ಗೂಡಿನಲ್ಲಿ ಇಟ್ಟಳು.

ಇಟ್ಟ ಕೈ ಅಲ್ಲೇ ನಿಂತಿತು...

ದಾಕ್ಷಾಯಣಿ ಮಾಡಿದ್ದೂ ಇದನ್ನೇ ಅಲ್ಲವೇ?

ದಿನಾ ಬೆಳಿಗ್ಗೆ ಒಂದು ತಾಸು ಆ ತಾಯಂದಿರ ಕೈ ಹಿಟ್ಟಿನಲ್ಲೇ ಇರುತ್ತದೆ. ಮಗು ಎದ್ದು ಅಳುವುದೂ ಅದೇ ಹೊತ್ತಿಗೆ. ನೂರು ಸಲ ಟೆಸ್ಟ್ ಮಾಡಿದ ಆಫೀಸಿನಲ್ಲಿ ಒಂದು ಸಲವೂ ಯಾರೂ ರೊಟ್ಟಿ ಬಡಿದಿರಲಿಲ್ಲ.

"ಅವ್ವಾ, ರೊಟ್ಟಿ ಬಡ್ಯಾಗ ನೀ ಬಳಿ ತಗದಿಡ್ತೀಯೇನು?"

"ಬಳಿ ಯಾಕ ತಗೀಲೇ? ಮ್ಯಾಲ ಸರಸ್ಕೋತೀನಿ," ಎಂದು ಅವ್ವ ಹಸಿರು ಗಾಜಿನ ಬಳೆಗಳನ್ನು ಮುಂಗೈ ಮೇಲಕ್ಕೆ ದೂಡಿ ತೋರಿಸಿದಳು. ಬಳೆಗಳು ಬಿಗಿಯಾಗಿ ಅಲ್ಲೇ ಕೂತವು. ಅಲುಗಾಟವಿಲ್ಲ, ಸದ್ದಿಲ್ಲ.

ಹಂಚಿಗೆ ಹಾಕಿದ ನಾಲ್ಕನೇ ರೊಟ್ಟಿ ಹೊತ್ತಿತು. ನೀಲಾಂಬಿಕಾ ಆಗಲೇ ಇಮ್ತಿಯಾಜನಿಗೆ ಫೋನ್ ಹಚ್ಚಿದ್ದಳು.

ಮೂರು ತಿಂಗಳಲ್ಲಿ ಪಟ್ಟಿ ಹೋಗಿ ಬಳೆ ಬಂತು. ಹಿಟ್ಟು, ನೀರು ಒಳಹೋಗದ ಬಳೆ... ಉಳಿದ ಬಳೆಗಳ ಜೊತೆ ಮೇಲೆ ಸರಿಯುವ ಬಳೆ. ಅಳು ಕೇಳಿಸಿಕೊಳ್ಳುವ ಪುಟ್ಟ ಮೈಕ್ ಮಾತ್ರ ಕೈ ಬಿಟ್ಟು ಜೋಲಿಯ ಹಗ್ಗಕ್ಕೆ ಹೋಯಿತು.

ಈ ಸಲ ಟೆಸ್ಟ್ ನಡೆದದ್ದು ಗದಗಿನ ಶಾಲೆಯ ಅಡಿಗೆಮನೆಯಲ್ಲಿ. ಹನ್ನೊಂದು ತಾಯಂದಿರು ಸಾಲಾಗಿ ರೊಟ್ಟಿ ಬಡಿಯಲು ಕೂತರು. ಪಕ್ಕದ ಕೋಣೆಯಲ್ಲಿ ಹನ್ನೊಂದು ಜೋಲಿ. ಹನ್ನೆರಡನೆಯವಳಾದ ದಾಕ್ಷಾಯಣಿಯನ್ನು ಕರೆಯಲು ನೀಲಾಂಬಿಕಾಳಿಗೆ ಮುಖವಿರಲಿಲ್ಲ.

ಟಪ್... ಟಪ್... ಟಪ್...

ಒಂದು ಕೂಸು ಅತ್ತಿತು. ಆ ಕೂಸಿನ ತಾಯಿಯ ಕೈ ಮಾತ್ರ ಗಾಳಿಯಲ್ಲೇ ನಿಂತಿತು!

ಹಿಟ್ಟಿನ ಕೈಯಲ್ಲೇ ಓಡಿದಳು. ಕೂಸನ್ನು ಅವಚಿಕೊಂಡು ಬಾಗಿಲಲ್ಲಿ ಬಂದು ನಿಂತಾಗ ಅದರ ಬೆನ್ನ ಮೇಲೆ ಐದು ಬಿಳಿ ಬೆರಳು ಮೂಡಿದ್ದವು... ಅವಳ ಕಣ್ಣಲ್ಲಿ ನೀರು.

ಉಳಿದ ಹತ್ತೂ ತಾಯಂದಿರು ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿದರು. ಕಿವಿ ಕೇಳದವರು ಚಪ್ಪಾಳೆ ತಟ್ಟುವುದು ಹಾಗೆ.

ಮೇಲೆ ಸರಿಸಿದ್ದ ಅಷ್ಟೂ ಬಳೆಗಳು ಸಡಿಲಾಗಿ ಒಟ್ಟಿಗೆ ಘಲ್ ಎಂದವು... ಅದು ಕೇಳಿಸಿದ್ದು ಹೆಡ್ ಮೇಡಂಗೆ, ಇಮ್ತಿಯಾಜನಿಗೆ ಮತ್ತು ಗೋಡೆಗೆ ಆತು ಅಳುತ್ತಿದ್ದ ನೀಲಾಂಬಿಕಾಳಿಗೆ ಮಾತ್ರ.

ಇನ್ನೂರು ಬಳೆ ಬೇಕೆಂದು ಮೇಡಂ ಅಲ್ಲೇ ಹೇಳಿದರು.

ನೀಲಾಂಬಿಕಾ ಶಾಲೆಯ ಮೆಟ್ಟಿಲ ಮೇಲೆ ಕೂತು ಪರ್ಸಿನಿಂದ ಆ ಹಳೆಯ ಕಾಗದ ತೆಗೆದಳು. 'ಪ್ರೀತಿಯ ಅಕ್ಕಾ' ಎಂಬುದರ ಕೆಳಗೆ ಬರೆದಳು:

"ತಪ್ಪು ನಿಮ್ಮದಲ್ಲ, ನನ್ನದು. ನನಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಈ ಕಾಗದವನ್ನು ನಿಮ್ಮ ಮನೆಯವರಿಗೆಲ್ಲ ಓದಿಸಿ. ಜೊತೆಗಿರುವ ಬಳೆ ನಿಮ್ಮದು. ಇದನ್ನು ಬಿಚ್ಚಿಡಬೇಕಾಗಿಲ್ಲ."

ಪೋಸ್ಟಾಫೀಸಿನಲ್ಲಿ ಗುಮಾಸ್ತರು ಪೊಟ್ಟಣ ಅಲುಗಿಸಿ, "ಒಳಗೇನೈತ್ರೀ?" ಎಂದರು.

"ಬಳಿ ಐತ್ರೀ... ಮತ್ತ ಒಂದು ಕಾಗದ. ಭಾಳ ತಡಾ ಆಗೇತಿ."

ಅವರು ಮುದ್ರೆ ಒತ್ತಿದರು. ಟಪ್...

*

ನಾವು ಕೊಟ್ಟದ್ದನ್ನು ಯಾರಾದರೂ ಬದಿಗಿಟ್ಟರೆ, ತಪ್ಪು ಹುಡುಕುವ ಮೊದಲು ಅವರ ಕೈಯಲ್ಲಿ ಯಾವ ಕೆಲಸವಿತ್ತು ಎಂದು ನೋಡಬೇಕು.

'ತಪ್ಪು ಅವರದೇ' ಎಂದುಕೊಂಡು ನೀವು ಉತ್ತರ ಬರೆಯದೇ ಉಳಿಸಿರುವ ಕಾಗದ ಯಾರದ್ದು?